ಸಿಂಗಪುರದ ಕಡಲ ಫಿರಂಗಿ ನೆಲೆಗಳು: ಸಿಲೊಸೊ, ಲ್ಯಾಬ್ರಡಾರ್, ಜೊಹೊರ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಪುರಕ್ಕೆ ಹೋದ ಕನ್ನಡಿಗರಲ್ಲಿ ಹೆಚ್ಚಿನವರು ಸೆಂಟೋಸಾ ದ್ವೀಪಕ್ಕೆ ಕಾಲಿಟ್ಟೇ ಇಡುತ್ತಾರೆ. ಅದರ ಪಶ್ಚಿಮ ತುದಿಯ ಗುಡ್ಡದ ಮೇಲೆ, 1942ರಲ್ಲಿ ಸಿಂಗಪುರ ಜಪಾನಿಯರ ವಶವಾದ ಎರಡನೇ ಮಹಾಯುದ್ಧದ ಕಾಳಗ ಕಂಡ ಫೋರ್ಟ್ ಸಿಲೊಸೊ ಎಂಬ ಬ್ರಿಟಿಷ್ ಫಿರಂಗಿ ಕೋಟೆ ಇದೆ, ಒಳಗೆ ಹೋಗಲು ದುಡ್ಡೂ ಕೊಡಬೇಕಿಲ್ಲ. ಆದರೂ ಅಲ್ಲಿಯವರೆಗೆ ಹೋಗುವವರು ಕಡಿಮೆ. ಹೋದವರಲ್ಲೂ ಅನೇಕರು ಫಿರಂಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂದು ಮೊದಲೇ ಗೊತ್ತಿದ್ದರೆ ಇದು ಅರ್ಧ ದಿನ ಕೊಡಬೇಕಾದ ಜಾಗ.

ನೋಡಲು ಯಾವ ಯಾವ ನೆಲೆಗಳಿವೆ? ಎಲ್ಲಕ್ಕೂ ಹೋಗಬೇಕೇ?

ಮೂರು ಮುಖ್ಯ. ಸೆಂಟೋಸಾದ ಫೋರ್ಟ್ ಸಿಲೊಸೊ ಪೂರ್ತಿ ಕೋಟೆ: ಫಿರಂಗಿಗಳು, ಸುರಂಗಗಳು, ಮದ್ದಿನ ಕೋಣೆಗಳು, ವಸ್ತುಸಂಗ್ರಹಾಲಯ ಎಲ್ಲ ಒಂದೇ ಕಡೆ ಇವೆ. ಕಾಲುವೆಯಷ್ಟು ಕಿರಿದಾದ ಕಡಲಿನಾಚೆ, ಅದಕ್ಕೆ ಎದುರಾಗಿ ಲ್ಯಾಬ್ರಡಾರ್ ಉದ್ಯಾನದಲ್ಲಿ ಜೋಡಿ ನೆಲೆಯ ಅವಶೇಷಗಳಿವೆ. ಮೂರನೆಯದು ಸಿಂಗಪುರದ ಮುಖ್ಯ ದ್ವೀಪದ ಪೂರ್ವ ತುದಿಯಲ್ಲಿ, ಚಾಂಗಿ ಸೆರೆಮನೆಯ ಹತ್ತಿರ ಇರುವ ಜೊಹೊರ್ ಬ್ಯಾಟರಿ (ಬ್ಯಾಟರಿ ಎಂದರೆ ಇಲ್ಲಿ ಫಿರಂಗಿಗಳ ನೆಲೆ). ಸಿಂಗಪುರದ ಅತಿ ದೊಡ್ಡ ಫಿರಂಗಿಗಳು, ಅಂದರೆ ಕೊಳವೆಯ ಒಳಬಾಯಿ 15 ಇಂಚು ಅಗಲವಿದ್ದವು, ಐದು; ಅವುಗಳಲ್ಲಿ ಮೂರು ಇದ್ದದ್ದು ಅಲ್ಲಿ.

ಒಂದೇ ಜಾಗಕ್ಕೆ ಸಮಯವಿದ್ದರೆ ಸಿಲೊಸೊಗೆ ಹೋಗಿ. ಅರ್ಧ ದಿನ ಇದ್ದರೆ ಲ್ಯಾಬ್ರಡಾರನ್ನೂ ಸೇರಿಸಿ. ಜೊಹೊರ್ ಬ್ಯಾಟರಿ ಬೇರೆ ದಿಕ್ಕಿನಲ್ಲಿದೆ. ಯುದ್ಧಕೈದಿಗಳ ನೆನಪಿನ ಚಾಂಗಿ ಚಾಪೆಲ್ ವಸ್ತುಸಂಗ್ರಹಾಲಯ ನೋಡುವ ದಿನಕ್ಕೆ ಅದನ್ನು ಜೋಡಿಸಿಕೊಳ್ಳುವುದು ಜಾಣತನ.

ಸಿಲೊಸೊಗೆ ಹೋಗುವುದು ಹೇಗೆ?

ಮೆಟ್ರೊದಲ್ಲಿ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ಬನ್ನಿ. ಅದರ ಮೇಲೆಯೇ ವಿವೊಸಿಟಿ ಎಂಬ ದೊಡ್ಡ ಮಾಲ್ ಇದೆ. ಅಲ್ಲಿಂದ ಸೆಂಟೋಸಾಕ್ಕೆ ಮೂರು ದಾರಿ. ಮೊದಲನೆಯದು ಮೊನೊರೈಲು: ಮಾಲಿನ ಮೇಲಿನ ಮಹಡಿಯಲ್ಲಿ ಹತ್ತಿ, ಕೊನೆಯ ನಿಲ್ದಾಣವಾದ ಬೀಚ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಹೋಗುವಾಗ ಮಾತ್ರ ಟಿಕೆಟ್, ದ್ವೀಪದೊಳಗೂ ಮರಳುವಾಗಲೂ ಉಚಿತ. ಎರಡನೆಯದು ಕಡಲ ಮೇಲೆ ಕಟ್ಟಿದ ಕಾಲುದಾರಿ: ಬಿಸಿಲು ಏರುವ ಮೊದಲು ಹೋದರೆ ಹದಿನೈದು ನಿಮಿಷದ ಒಳ್ಳೆಯ ನಡಿಗೆ. ಮೂರನೆಯದು ಕೇಬಲ್ ಕಾರು: ದುಬಾರಿ, ಆದರೆ ದ್ವೀಪದೊಳಗಿನ ಅದರ ಸಾಲು ಸಿಲೊಸೊ ಪಾಯಿಂಟ್‌ವರೆಗೂ ಬರುತ್ತದೆ.

ಬೀಚ್ ಸ್ಟೇಷನ್‌ನಿಂದ ಸಿಲೊಸೊ ಪಾಯಿಂಟ್‌ಗೆ ದ್ವೀಪದ ಉಚಿತ ಬಸ್ಸು ಇದೆ. ಜನ ಎಡವುವುದು ಇಲ್ಲೇ. 'ಸಿಲೊಸೊ ಬೀಚ್' ಬೇರೆ, 'ಸಿಲೊಸೊ ಪಾಯಿಂಟ್' ಬೇರೆ. ಬೀಚಿನಲ್ಲಿ ಇಳಿದುಬಿಟ್ಟರೆ ಬಿಸಿಲಿನಲ್ಲಿ ಮತ್ತೆ ನಡೆಯಬೇಕಾಗುತ್ತದೆ. ಬಸ್ಸಿನ ಫಲಕದಲ್ಲಿ 'ಪಾಯಿಂಟ್' ಎಂಬ ಪದ ನೋಡಿಕೊಂಡೇ ಹತ್ತಿ.

ಪ್ರವೇಶ ಶುಲ್ಕ ಎಷ್ಟು? ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ?

ಕೋಟೆಗೂ ಅದಕ್ಕೆ ಹೋಗುವ ಎತ್ತರದ ಸೇತುವೆಗೂ ಶುಲ್ಕವಿಲ್ಲ. ಕೋಟೆಯ ಒಳಾಂಗಣ ಬೆಳಗ್ಗೆ 10ರಿಂದ ಸಂಜೆ 6ರವರೆಗೆ. ಸೇತುವೆ ಅದಕ್ಕೂ ಮೊದಲೇ ತೆರೆದು ರಾತ್ರಿಯವರೆಗೆ ಇರುತ್ತದೆ. ಹಾಗಾಗಿ ಸಂಜೆ 7ಕ್ಕೆ ಸೇತುವೆ ತೆರೆದಿದೆ ಎಂದು ನಂಬಿ ಬಂದವರಿಗೆ ಸುರಂಗದ ಬಾಗಿಲು ಮುಚ್ಚಿರುತ್ತದೆ. ದುರಸ್ತಿಗಾಗಿ ಕೆಲವು ಭಾಗಗಳನ್ನು ಆಗಾಗ ಮುಚ್ಚುವುದುಂಟು. ಹೊರಡುವ ದಿನ ಬೆಳಗ್ಗೆ ಸೆಂಟೋಸಾದ ಜಾಲತಾಣವನ್ನು ಒಮ್ಮೆ ನೋಡಿ.

ಎಷ್ಟು ಸಮಯ ಬೇಕು? ಯಾವ ಹೊತ್ತು ಒಳ್ಳೆಯದು?

ಫಲಕಗಳನ್ನು ಓದುತ್ತಾ ನೋಡಿದರೆ ಎರಡೂವರೆ ಗಂಟೆ, ಸುಮ್ಮನೆ ಸುತ್ತಿದರೆ ಒಂದು ಗಂಟೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೊದಲು ಹೊರಗಿನ ಫಿರಂಗಿ ಕಟ್ಟೆಗಳನ್ನು ಮುಗಿಸಿ, ಬಿಸಿಲೇರಿದ ಮೇಲೆ ಸುರಂಗಕ್ಕೂ ತಂಪಾದ ಪ್ರದರ್ಶನ ಕೊಠಡಿಗಳಿಗೂ ಇಳಿಯಿರಿ. ಹೆಚ್ಚಿನವರು ಇದನ್ನೇ ತಿರುಗಾಮುರುಗಾ ಮಾಡಿ ನಡುಮಧ್ಯಾಹ್ನ ಕಾಂಕ್ರೀಟಿನ ಮೇಲೆ ಬೇಯುತ್ತಾರೆ.

ಸಿಂಗಪುರಕ್ಕೆ ನಮ್ಮಂತೆ ಬೇಸಿಗೆ, ಮಳೆಗಾಲ ಎಂದು ಬೇರೆ ಬೇರೆ ಇಲ್ಲ. ವರ್ಷವಿಡೀ ಮಂಗಳೂರಿನ ಮೇ ತಿಂಗಳ ಸೆಕೆ, ಯಾವ ದಿನ ಬೇಕಾದರೂ ಮಳೆ. ಗುಡುಗು ಶುರುವಾದರೆ ಗುಡ್ಡದ ನೆತ್ತಿಯಿಂದ, ಸೇತುವೆಯಿಂದ ಇಳಿದುಬಿಡಿ. ಅಲ್ಲಿನ ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಏನೇನು ಒಯ್ಯಬೇಕು?

ತಲೆಗೆ ಒಂದು ಲೀಟರ್ ನೀರು, ಸೊಳ್ಳೆ ಮುಲಾಮು, ಜಾರದ ಚಪ್ಪಲಿ ಅಥವಾ ಬೂಟು, ಮಡಚುವ ಕೊಡೆ, ಸಣ್ಣ ಟಾರ್ಚು. ಟಾರ್ಚು ಯಾಕೆಂದರೆ ಸುರಂಗದ ದೀಪಗಳು ಮಂದ. ಗೋಡೆಯ ಬಣ್ಣ, ಇಟ್ಟಿಗೆಯ ಕಮಾನು, ನೆಲದ ಕಬ್ಬಿಣ ಎಲ್ಲ ಸರಿಯಾಗಿ ಕಾಣುವುದು ಟಾರ್ಚನ್ನು ಓರೆಯಾಗಿ ಹಿಡಿದಾಗ. ಎಸಿ ಕೊಠಡಿಯಿಂದ ಹೊರಬಂದ ಕೂಡಲೇ ಕ್ಯಾಮೆರಾ ಲೆನ್ಸಿಗೆ ಮಂಜು ಕಟ್ಟುತ್ತದೆ. ಒರೆಸಬೇಡಿ, ಐದು ಹತ್ತು ನಿಮಿಷ ಬಿಟ್ಟರೆ ತಾನೇ ಹೋಗುತ್ತದೆ. ಕೋಟೆಯೊಳಗೆ ಊಟ ತಿಂಡಿ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಸಸ್ಯಾಹಾರಿಗಳು ಮಾಲಿನಲ್ಲೇ ಏನಾದರೂ ಕಟ್ಟಿಸಿಕೊಂಡರೆ ನಿಶ್ಚಿಂತೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಂಡಿ ನೋವು. ಅವರಿಗೆ ಆಗುತ್ತದೆಯೇ?

ಗುಡ್ಡ ಹತ್ತುವುದು ಸಮಸ್ಯೆಯಲ್ಲ. ಬಸ್ಸು ಇಳಿಯುವ ಜಾಗದಲ್ಲೇ ಲಿಫ್ಟು ಇದೆ. ಅದು 11 ಮಹಡಿಯಷ್ಟು ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ 181 ಮೀಟರ್ ಉದ್ದದ ಸಮತಟ್ಟಾದ ಸೇತುವೆ ಮರಗಳ ನೆತ್ತಿಯ ಮೇಲೆ ಹಾದು ಕೋಟೆಗೆ ಸೇರಿಸುತ್ತದೆ. ಗಾಲಿಕುರ್ಚಿಯೂ ಇಲ್ಲಿಯವರೆಗೆ ಸಲೀಸಾಗಿ ಬರುತ್ತದೆ.

ಕಷ್ಟ ಶುರುವಾಗುವುದು ಕೋಟೆಯೊಳಗೆ. ದಾರಿ ಏರಿಳಿತದ್ದು, ಕೆಲವು ಫಿರಂಗಿ ಕಟ್ಟೆಗಳಿಗೂ ಸುರಂಗಗಳಿಗೂ ಮೆಟ್ಟಿಲು. ಮಂಡಿ ನೋವಿರುವವರು ಸೇತುವೆ, ಮೇಲಿನ ಬಯಲು, ಶರಣಾಗತಿಯ ಮೇಣದ ಬೊಂಬೆಗಳ ಪ್ರದರ್ಶನ ಇಷ್ಟಕ್ಕೆ ನಿಂತರೂ ಬಂದದ್ದು ಸಾರ್ಥಕ. ಎತ್ತರಕ್ಕೆ ಹೆದರುವವರಿಗೆ ಒಂದು ಮಾತು: ಸೇತುವೆಯಲ್ಲಿ ಒಂದೆಡೆ ಗಾಜಿನ ನೆಲ ಇದೆ. ಪಕ್ಕದಲ್ಲೇ ನಡೆದು ದಾಟಬಹುದು.

ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ಎಂಟು ವರ್ಷ ದಾಟಿದವರಿಗೆ ಆಗದು. ಅದಕ್ಕಿಂತ ಚಿಕ್ಕವರು ಸುರಂಗದೊಳಗಿನ ಮಂದ ಬೆಳಕು, ಸಿಪಾಯಿಗಳ ಗೊಂಬೆಗಳು ಕಂಡು ಹೆದರಬಹುದು. ಕೋಟೆಯ ಸುತ್ತ ನವಿಲುಗಳು ಓಡಾಡುತ್ತವೆ, ಅವಕ್ಕೆ ತಿಂಡಿ ಹಾಕಬಾರದು. ಫಿರಂಗಿಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಉಪ್ಪುಗಾಳಿಗೆ ಕಬ್ಬಿಣ ಒಳಗೊಳಗೇ ಸವೆದಿರುತ್ತದೆ, ಮೇಲೆ ಬಳಿದ ದಪ್ಪ ಬಣ್ಣ ಅದನ್ನು ಮುಚ್ಚಿರುತ್ತದೆ. ಹಲ್ಲುಚಕ್ರಗಳ ಸಂದಿಗೆ ಬೆರಳು ಸಿಕ್ಕಿದರೆ ಗಾಯ ಸಣ್ಣದಾಗಿರುವುದಿಲ್ಲ.

ಅಷ್ಟು ಸಣ್ಣ ಗುಡ್ಡದ ಮೇಲೆ ಕೋಟೆ ಯಾಕೆ ಕಟ್ಟಿದರು?

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಪೂರ್ವಕ್ಕೆ ಹಡಗುಗಳ ಸಾಲು ಬೆಳೆಯಿತು. ಉಗಿ ಹಡಗಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿನ ರಾಶಿ ಇದ್ದದ್ದು ಇಂದಿನ ಕೆಪ್ಪೆಲ್ ಬಂದರಿನಲ್ಲಿ. ಆ ಬಂದರಿನ ಪಶ್ಚಿಮದ ಬಾಯಿ ತೀರಾ ಕಿರಿದು. ಒಂದು ದಡದಲ್ಲಿ ಸಿಲೊಸೊ, ಇನ್ನೊಂದು ದಡದಲ್ಲಿ ಲ್ಯಾಬ್ರಡಾರ್. ಎರಡೂ ಕಡೆ ಫಿರಂಗಿ ಇಟ್ಟರೆ ನಡುವೆ ನುಗ್ಗುವ ಹಡಗು ಎರಡೂ ಪಕ್ಕೆಗೆ ಪೆಟ್ಟು ತಿನ್ನಬೇಕು. ಅದಕ್ಕಾಗಿ 1870ರ ದಶಕದಲ್ಲಿ ಸಿಲೊಸೊ ಗುಡ್ಡದ ನೆತ್ತಿಯನ್ನೇ ಹಾರಿಸಿ ಸಮತಟ್ಟು ಮಾಡಿ ಫಿರಂಗಿ ಕಟ್ಟೆ ಕಟ್ಟಿದರು. ಆಗ ದ್ವೀಪದ ಹೆಸರು ಪುಲಾವ್ ಬ್ಲಾಕಾಂಗ್ ಮಾತಿ. ಸೆಂಟೋಸಾ ಎಂಬ ಹೆಸರು ಬಂದದ್ದು 1972ರಲ್ಲಿ.

ಕೋಟೆಯ ಉತ್ತರ ಅಂಚಿನಲ್ಲಿ ನಿಂತು ಎದುರು ದಡ ನೋಡಿದರೆ ಈ ಲೆಕ್ಕಾಚಾರಕ್ಕೆ ನಕ್ಷೆಯೇ ಬೇಡ.

ಹಳೆಯ ಫಿರಂಗಿಗಳ ಕೆಳಗೆ ನೆಲದಲ್ಲಿ ಬಾಗಿದ ಹಳಿ ಇದೆಯಲ್ಲ, ಅದು ಏನು?

ಇಡೀ ಕೋಟೆಯಲ್ಲಿ ಮೊದಲು ನೋಡಬೇಕಾದದ್ದೇ ಅದು. 7 ಇಂಚಿನ ಹಳೆಯ ಫಿರಂಗಿಯ ಕೊಳವೆ ಒಂದೇ ಸುಮಾರು 7 ಟನ್ ತೂಗುತ್ತದೆ. ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸಲು ಗಾಡಿಯ ಗಾಲಿಗಳನ್ನು ಕಮಾನಿನಂತೆ ಬಾಗಿದ ಕಬ್ಬಿಣದ ಹಳಿಯ ಮೇಲೆ ಓಡಿಸುತ್ತಿದ್ದರು. ಹಳಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಫಿರಂಗಿ ತಿರುಗುತ್ತದೆ. ಫಿರಂಗಿಯನ್ನೇ ತೆಗೆದುಬಿಟ್ಟ ಕಟ್ಟೆಯಲ್ಲೂ ಹಳಿಯನ್ನು ನೋಡಿ ಅದು ಯಾವ ನೀರಿನ ಮೇಲೆ ಕಣ್ಣಿಟ್ಟಿತ್ತು ಎಂದು ಹೇಳಬಹುದು.

ಇವು ಬಾಯಿಂದ ತುಂಬುವ ಫಿರಂಗಿಗಳು. ತುಂಬುವ ಕ್ರಮ ಹೀಗಿತ್ತು: ಒದ್ದೆ ಕುಂಚದಿಂದ ಕೊಳವೆ ಒರೆಸುವುದು, ಮದ್ದಿನ ಚೀಲವನ್ನು ಬಾಯಿಂದ ತಳದವರೆಗೆ ದಬ್ಬುವುದು, ಗುಂಡಿನ ಮೈಮೇಲಿನ ಗುಬುಟುಗಳನ್ನು ಕೊಳವೆಯ ಒಳಗಿನ ತೋಡುಗಳಿಗೆ ಹೊಂದಿಸಿ ಗುಂಡನ್ನು ತಳ ಮುಟ್ಟುವಂತೆ ದಬ್ಬುವುದು, ಹಿಂಬದಿಯ ಸಣ್ಣ ರಂಧ್ರದಿಂದ ಚೀಲ ಚುಚ್ಚಿ ಕಿಡಿಯ ನಳಿಗೆ ಇಡುವುದು, ದೂರ ನಿಂತು ಹಗ್ಗ ಎಳೆಯುವುದು. ಕುಂಚ ಸರಿಯಾಗಿ ಆಡಿಸದಿದ್ದರೆ ಉಳಿದ ಕೆಂಡ ಮುಂದಿನ ಚೀಲಕ್ಕೆ ತಗುಲಿ, ದಬ್ಬುವವನ ಕೈಯಲ್ಲೇ ಸಿಡಿಯುತ್ತಿತ್ತು. ಗುಂಡು ತಳ ಮುಟ್ಟದೆ ನಡುವೆ ನಿಂತರೆ ಕೊಳವೆಯೇ ಒಡೆಯುವ ಅಪಾಯ. ಇನ್ನೊಂದು ಕೆಡುಕೆಂದರೆ ಒಳಗೆ ಆಗಲೇ ಒಂದು ಗುಂಡಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುತ್ತಿರಲಿಲ್ಲ. 1879ರ ಜನವರಿಯಲ್ಲಿ ಥಂಡರರ್ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಹೀಗೆ ಎರಡು ಬಾರಿ ತುಂಬಿದ ಫಿರಂಗಿ ಸಿಡಿದು 11 ಮಂದಿ ಸತ್ತರು. ಬ್ರಿಟಿಷರು ಹಿಂಬದಿಯಿಂದ ತುಂಬುವ ಫಿರಂಗಿಗೆ ಮರಳಲು ಆ ಅವಘಡವೂ ಒಂದು ಕಾರಣ.

ಹಾಗಾದರೆ 1942ರಲ್ಲಿ ಇದ್ದ ಫಿರಂಗಿಗಳು ಯಾವುವು?

ಸಿಲೊಸೊದಲ್ಲಿ ಮುಖ್ಯವಾಗಿ ಎರಡು 6 ಇಂಚಿನವು, ಅಂದರೆ 152 ಮಿಲಿಮೀಟರ್. ಇವು ಹಿಂಬದಿಯಿಂದ ತುಂಬುವಂಥವು, ನಡುಗಂಬದ ಮೇಲೆ ತಿರುಗುತ್ತವೆ, ಹಳಿ ಬೇಡ. ಗುಂಡಿನ ತೂಕ ಸುಮಾರು 45 ಕೆ.ಜಿ., ಒಂದು ಅಕ್ಕಿ ಮೂಟೆಗಿಂತ ಸ್ವಲ್ಪ ಕಡಿಮೆ. ಅದನ್ನು ಒಬ್ಬನೇ ಎದೆಗೊತ್ತಿ ಎತ್ತಿ ತರಬಹುದು, ಪಳಗಿದ ತಂಡ ನಿಮಿಷಕ್ಕೆ ಹಲವು ಗುಂಡು ಹಾರಿಸಬಹುದು. 9.2 ಇಂಚಿನ ಗುಂಡು 172 ಕೆ.ಜಿ. ಆದ್ದರಿಂದ ಅದಕ್ಕೆ ಎತ್ತುಯಂತ್ರ ಬೇಕೇ ಬೇಕು. 15 ಇಂಚಿನದು 880 ಕೆ.ಜಿ. ಹತ್ತಿರ, ಒಂದು ಸಣ್ಣ ಕಾರಿನ ತೂಕ.

ಹಿಂಬದಿಯ ಬಾಗಿಲನ್ನು ಗಮನಿಸಿ. ಅದರ ತಿರುಪಿನ ಹಲ್ಲುಗಳು ಪೂರ್ತಿ ಸುತ್ತಿಲ್ಲ, ನಡುನಡುವೆ ಖಾಲಿ ಪಟ್ಟಿಗಳಿವೆ. ಖಾಲಿ ಪಟ್ಟಿಯ ದಾರಿಯಲ್ಲಿ ಬಾಗಿಲನ್ನು ಒಳಗೆ ತಳ್ಳಿ ತುಸು ತಿರುಗಿಸಿದರೆ ಹಲ್ಲಿಗೆ ಹಲ್ಲು ಕಚ್ಚುತ್ತದೆ. ಸುತ್ತು ಸುತ್ತು ತಿರುಪುವ ಸಮಯ ಉಳಿಯುತ್ತದೆ. ಬಾಗಿಲಿನ ಮುಂದೆ ಅಣಬೆಯಾಕಾರದ ಉಕ್ಕಿನ ತಲೆ, ಅದರ ಹಿಂದೆ ಮೆತ್ತನೆಯ ಬಿಲ್ಲೆ ಇರುತ್ತದೆ. ಗುಂಡು ಹಾರಿದಾಗ ಅನಿಲದ ಒತ್ತಡವೇ ಆ ತಲೆಯನ್ನು ಹಿಂದಕ್ಕೊತ್ತಿ ಬಿಲ್ಲೆಯನ್ನು ಅಗಲಿಸಿ ಸಂದು ಮುಚ್ಚುತ್ತದೆ. ಬಿಲ್ಲೆ ಸವೆದರೆ ಬೆಂಕಿ ಹಿಂದಕ್ಕೇ ಚಿಮ್ಮುತ್ತದೆ.

1942ರಲ್ಲಿ ಇಡೀ ಸಿಂಗಪುರದ ರಕ್ಷಣೆಗೆ ಇದ್ದ ದೊಡ್ಡ ಕಡಲ ಫಿರಂಗಿಗಳು 29: ಐದು 15 ಇಂಚಿನವು, ಆರು 9.2 ಇಂಚಿನವು, ಹದಿನೆಂಟು 6 ಇಂಚಿನವು.

ಮದ್ದಿನ ಕೋಣೆಯಲ್ಲಿ ಏನು ಗಮನಿಸಬೇಕು?

ಶ್ರೀರಂಗಪಟ್ಟಣದ ಮದ್ದಿನಮನೆ ನೋಡಿದವರಿಗೆ ಮೂಲತತ್ವ ಗೊತ್ತು: ನೆಲದೊಳಗೆ ಹುದುಗಿಸು, ದಪ್ಪ ಗೋಡೆ ಕಟ್ಟು, ತೇವ ತಡೆ. ವಿಕ್ಟೋರಿಯಾ ಕಾಲದ ಬ್ರಿಟಿಷ್ ಕೋಟೆಗಳಲ್ಲಿ ಇದಕ್ಕೆ ಇನ್ನೆರಡು ಎಚ್ಚರಿಕೆ ಸೇರಿದವು. ಒಂದು, ದೀಪವನ್ನು ಮದ್ದಿನ ಕೋಣೆಯೊಳಗೆ ಒಯ್ಯುವಂತಿಲ್ಲ. ಪಕ್ಕದ ಪ್ರತ್ಯೇಕ ಓಣಿಯಿಂದ ಗಾಜು ಕೂರಿಸಿದ ಗೂಡಿನಲ್ಲಿ ದೀಪ ಇಡಬೇಕು, ಒಳಗೆ ಬೆಳಕು ಮಾತ್ರ ಬರಬೇಕು. ಎರಡು, ಒಳಹೋಗುವವರು ಬಾಗಿಲ ಬಳಿಯೇ ಬಟ್ಟೆ ಬದಲಿಸಿ, ಮೊಳೆ ಹೊಡೆದ ಬೂಟು ಕಳಚಿ, ಕಿಡಿ ಹಾರದ ಚಪ್ಪಲಿ ಹಾಕಿಕೊಳ್ಳಬೇಕು. ಗೋಡೆಯಲ್ಲಿ ಕಿಟಕಿಯಂಥ ಗೂಡು ಕಂಡು ಅದರ ಹಿಂದೆ ಹೊರಗಿನ ಬೆಳಕೇ ಇಲ್ಲದಿದ್ದರೆ ಅದು ಬಹುಶಃ ದೀಪದ ಗೂಡು.

ಗುಂಡು ಮತ್ತು ಮದ್ದು ಬೇರೆ ಬೇರೆ ದಾರಿಯಲ್ಲಿ ಮೇಲೇರುತ್ತಿದ್ದವು. ಒಂದಕ್ಕೆ ಅಪಾಯವಾದರೆ ಇನ್ನೊಂದು ಉಳಿಯಲಿ ಎಂದು.

ದೂರದ ಹಡಗಿಗೆ ಗುರಿ ಇಡುತ್ತಿದ್ದದ್ದು ಹೇಗೆ?

ಕಡಲ ಫಿರಂಗಿಯ ನಿಜವಾದ ಜಾಣ್ಮೆ ಇರುವುದು ಇಲ್ಲೇ. ನಾವು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂದು ಗೊತ್ತಿದೆ. ದೂರದರ್ಶಕವನ್ನು ಹಡಗು ನೀರಿಗೆ ತಾಗುವ ಗೆರೆಗೆ ಇಳಿಸಿದಾಗ ಅದು ಎಷ್ಟು ಕೋನ ಬಾಗಿತು ಎಂದೂ ಗೊತ್ತು. ಎತ್ತರ ಮತ್ತು ಕೋನ ಸಿಕ್ಕರೆ ದೂರ ಸಿಕ್ಕಂತೆ. ವಾಟ್ಕಿನ್ ಎಂಬ ಬ್ರಿಟಿಷ್ ಫಿರಂಗಿ ಅಧಿಕಾರಿ ಈ ತತ್ವದ ಮೇಲೆ ಉಪಕರಣ ಮಾಡಿದ.

ಲೆಕ್ಕ ಹಾಕಿ ನೋಡಿ. ವೀಕ್ಷಕ 60 ಮೀಟರ್ ಎತ್ತರದಲ್ಲಿದ್ದು ಕೋನ 1 ಡಿಗ್ರಿ ಬಂದರೆ ಹಡಗು ಸುಮಾರು 3,440 ಮೀಟರ್ ದೂರ. ಅರ್ಧ ಡಿಗ್ರಿ ಬಂದರೆ ಸುಮಾರು 6,880 ಮೀಟರ್. ದೂರ ಹೆಚ್ಚಿದಂತೆ ಕೋನ ಕಿರಿದಾಗುತ್ತದೆ, ಕೂದಲೆಳೆಯ ತಪ್ಪಿಗೆ ನೂರಾರು ಮೀಟರ್ ದಂಡ. ವೀಕ್ಷಣಾ ಗೋಪುರವನ್ನು ಆದಷ್ಟು ಎತ್ತರದಲ್ಲಿ ಕಟ್ಟುತ್ತಿದ್ದದ್ದು ಅದಕ್ಕೇ. ಉಬ್ಬರ ಇಳಿತವನ್ನೂ ಮರೆಯುವಂತಿಲ್ಲ. ಸಿಂಗಪುರದಲ್ಲಿ ಕಡಲಮಟ್ಟ ದೊಡ್ಡ ಉಬ್ಬರಕ್ಕೆ ಸುಮಾರು 3 ಮೀಟರ್ ಏರಿಳಿಯುತ್ತದೆ. 60 ಮೀಟರಿನಲ್ಲಿ 3 ಮೀಟರ್ ಎಂದರೆ ನೂರಕ್ಕೆ ಐದು. ಅಂದರೆ ಉಬ್ಬರದ ಲೆಕ್ಕ ಸರಿಪಡಿಸದಿದ್ದರೆ ಮೊದಲ ಉದಾಹರಣೆಯಲ್ಲೇ 170 ಮೀಟರ್ ತಪ್ಪು, ಗುಂಡು ನೀರಿಗೆ.

ಈ ವಿಧಾನ ನಡೆಯುವುದು ಗುರಿ ಸಮುದ್ರಮಟ್ಟದಲ್ಲಿ ಇದ್ದಾಗ ಮಾತ್ರ ಎಂಬುದನ್ನು ನೆನಪಿಡಿ. ಮುಂದಿನ ಪ್ರಶ್ನೆಗೆ ಅದು ಬೇಕು.

ಫಿರಂಗಿಗಳೆಲ್ಲ ತಪ್ಪು ದಿಕ್ಕಿಗೆ ಮುಖ ಮಾಡಿದ್ದವು, ತಿರುಗಿಸಲು ಆಗಲಿಲ್ಲ, ಆದ್ದರಿಂದ ಸಿಂಗಪುರ ಬಿತ್ತು ಅಂತಾರಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ ಈ ಮಾತು ಎಂಬತ್ತು ವರ್ಷಗಳಿಂದ ಪರಿಶೀಲನೆಯಿಲ್ಲದೆ ಓಡಾಡುತ್ತಿದೆ. ಕೋಟೆಗೆ ಬಂದು ಫಿರಂಗಿಯ ತಳವನ್ನು ಕಣ್ಣಾರೆ ನೋಡುವ ನಿಮಗೆ ಅದನ್ನು ಸರಿಪಡಿಸುವ ಅವಕಾಶ ಇದೆ.

ಫಿರಂಗಿಗಳನ್ನು ಕಡಲಿನ ಕಡೆಗೆ ಇಟ್ಟದ್ದು ನಿಜ, ಅವು ಇರುವುದೇ ಹಡಗುಗಳನ್ನು ತಡೆಯಲು. ಜಪಾನಿಯರು ಕಡಲಿನಿಂದ ಬರಲಿಲ್ಲ. 1941ರ ಡಿಸೆಂಬರ್ 8ರಂದು ಮಲಯದ (ಇಂದಿನ ಮಲೇಷ್ಯಾದ ಪರ್ಯಾಯದ್ವೀಪ ಭಾಗ) ಉತ್ತರದ ಕೋಟ ಭಾರುವಿನಲ್ಲಿ ಇಳಿದು, ಇಡೀ ಪರ್ಯಾಯದ್ವೀಪವನ್ನು ದಾಟಿ, 1942ರ ಫೆಬ್ರುವರಿ 8ರ ರಾತ್ರಿ ಮಲಯಕ್ಕೂ ಸಿಂಗಪುರಕ್ಕೂ ನಡುವಿನ ಜೊಹೊರ್ ಜಲಸಂಧಿ ದಾಟಿ ವಾಯವ್ಯದಿಂದ ಒಳನುಗ್ಗಿದರು. ಆಗ ಹಲವು ಫಿರಂಗಿಗಳನ್ನು ನೆಲದ ಕಡೆಗೆ ತಿರುಗಿಸಲಾಯಿತು, ಅವು ಗುಂಡನ್ನೂ ಹಾರಿಸಿದವು. ಜೊಹೊರ್ ಬ್ಯಾಟರಿಯ 15 ಇಂಚಿನ ಮೂರರಲ್ಲಿ ಎರಡು ಪಶ್ಚಿಮದತ್ತ ತಿರುಗಿದವು. ತಿರುಗಲಾಗದೆ ಉಳಿದದ್ದು ಮುಖ್ಯವಾಗಿ ಬುವೊನಾ ವಿಸ್ಟಾ ಬ್ಯಾಟರಿಯ ಎರಡು 15 ಇಂಚಿನವು. ಕಟ್ಟುಕಥೆಯೊಳಗಿನ ನಿಜದ ಕಾಳು ಅಷ್ಟೇ.

ಹಾಗಾದರೆ ತಿರುಗಿದವು ಯಾಕೆ ಕೆಲಸಕ್ಕೆ ಬರಲಿಲ್ಲ? ಫಿರಂಗಿಯಲ್ಲ, ಗುಂಡನ್ನು ನೋಡಿ. ದಾಸ್ತಾನಿನ ಬಹುಪಾಲು ಉಕ್ಕಿನ ಕವಚ ಭೇದಿಸುವ ಗುಂಡುಗಳು. ಅಂಥ ಗುಂಡು ದಪ್ಪ ಉಕ್ಕಿನ ಗಟ್ಟಿ, ಒಳಗಿನ ಸ್ಫೋಟಕ ಒಟ್ಟು ತೂಕದ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಹಡಗಿನ ಕವಚ ತೂರಿ ಒಳಹೋದ ಮೇಲೆ ಸಿಡಿಯಲಿ ಎಂದು ಅದರ ಕಿಡಿಕೀಲು (ಫ್ಯೂಸ್) ತಳದಲ್ಲಿದೆ, ತುಸು ತಡವಾಗಿ ಕೆಲಸ ಮಾಡುತ್ತದೆ. ಅದೇ ಗುಂಡು ಸಿಂಗಪುರದ ಒದ್ದೆ ಜೇಡಿಮಣ್ಣಿಗೆ ಬಿದ್ದರೆ ಆಳಕ್ಕೆ ಇಳಿದು ಅಲ್ಲೇ ಸಿಡಿಯುತ್ತದೆ. ಚೂರುಗಳನ್ನು ಮಣ್ಣೇ ನುಂಗುತ್ತದೆ, ರಬ್ಬರ್ ತೋಟದಲ್ಲಿ ಚದುರಿ ನಡೆಯುವ ಸೈನಿಕರಿಗೆ ಸದ್ದು ಮಾತ್ರ. ಪದಾತಿ ಸೈನ್ಯಕ್ಕೆ ಬೇಕಾಗಿದ್ದದ್ದು ತೆಳು ಗೋಡೆಯ, ಸ್ಫೋಟಕ ಹೆಚ್ಚಿರುವ ಗುಂಡು. ಅದು ಇದ್ದದ್ದು ತೀರಾ ಕಡಿಮೆ.

ಎರಡನೆಯ ಕಾರಣ ಕಣ್ಣಿಲ್ಲದ್ದು. ಎತ್ತರ ಮತ್ತು ಕೋನದ ಲೆಕ್ಕ ನೆಲದ ಮೇಲೆ ನಡೆಯುವುದಿಲ್ಲ. ಶತ್ರು ಗುಡ್ಡದ ಆಚೆ, ಮರದ ಕೆಳಗೆ ಇದ್ದಾನೆ. ಮುಂದೆ ನಿಂತು ಗುಂಡು ಎಲ್ಲಿ ಬಿತ್ತೆಂದು ಫೋನಿನಲ್ಲಿ ಹೇಳುವವನು ಬೇಕು, ಆ ಫೋನಿನ ತಂತಿಗಳು ಶೆಲ್ ದಾಳಿಗೆ ಕಡಿಯುತ್ತಿದ್ದವು. ಹೀಗೆ ನಕ್ಷೆ ನೋಡಿಕೊಂಡು ಕುರುಡಾಗಿ ಹಾರಿಸಿದ್ದೇ ಹೆಚ್ಚು.

ಸಿಂಗಪುರದ ಪತನಕ್ಕೆ ಇದೊಂದೇ ಕಾರಣವೂ ಅಲ್ಲ. ವಿಮಾನಬಲ ಕುಸಿದಿತ್ತು. ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬ ಎರಡು ದೊಡ್ಡ ಯುದ್ಧನೌಕೆಗಳು 1941ರ ಡಿಸೆಂಬರ್ 10ರಂದೇ ಮುಳುಗಿದ್ದವು. ಫೆಬ್ರುವರಿ 15ರಂದು ಬ್ರಿಟಿಷ್ ಸೇನಾಧಿಪತಿ ಪರ್ಸಿವಲ್ ಶರಣಾದರು.

ಯುದ್ಧದಲ್ಲಿ ಸಿಲೊಸೊ ಏನು ಮಾಡಿತು?

ಇಲ್ಲಿನ 6 ಇಂಚಿನ ಫಿರಂಗಿಗಳನ್ನೂ ಭೂಭಾಗದ ಕಡೆಗೆ ತಿರುಗಿಸಿ ಪಶ್ಚಿಮದಿಂದ ಮುಂದೊತ್ತುತ್ತಿದ್ದ ಜಪಾನಿ ಪಡೆಗಳ ಮೇಲೆ ಹಾರಿಸಿದರು. ಶರಣಾಗತಿಗೆ ಮೊದಲು ಅವು ಶತ್ರುವಿನ ಕೈಗೆ ಸಿಗದಂತೆ ಫಿರಂಗಿದಳದವರೇ ಕೆಡಿಸಿದರು.

ಆಮೇಲಿನದು ಇನ್ನೂ ಭಾರವಾದ ಅಧ್ಯಾಯ. ಜಪಾನಿಯರು ಸಿಂಗಪುರದ ಚೀನೀ ಸಮುದಾಯದ ಸಾವಿರಾರು ಗಂಡಸರನ್ನು ಆಯ್ದು ಕೊಂದ 'ಸೂಕ್ ಚಿಂಗ್' ಹತ್ಯಾಕಾಂಡದಲ್ಲಿ ಕಡಲಿಗೆ ಬಿದ್ದ ಹೆಣಗಳು ಈ ದ್ವೀಪದ ದಡಕ್ಕೆ ತೇಲಿಬಂದವು. ಇಲ್ಲೇ ಸೆರೆಯಲ್ಲಿದ್ದ ಬ್ರಿಟಿಷ್ ಫಿರಂಗಿದಳದವರು ಸುಮಾರು 300 ಶವಗಳನ್ನು ಹೂಳಿದರು. ದ್ವೀಪದ ಪೂರ್ವದಲ್ಲಿ, ಈಗ ಗಾಲ್ಫ್ ಮೈದಾನವಿರುವ ಕಡೆ, ಆ ಜಾಗಕ್ಕೆ ಗುರುತು ಫಲಕವಿದೆ.

ಈಗ ಕಾಣುವ ಫಿರಂಗಿಗಳು ಅಸಲಿಯೇ?

ಸಿಲೊಸೊದಲ್ಲಿ ಅಸಲಿ ಫಿರಂಗಿಗಳು ಹಲವಿವೆ, ಆದರೆ ಎಲ್ಲವೂ ಮೊದಲಿನಿಂದ ಅದೇ ಕಟ್ಟೆಯ ಮೇಲೆ ಇದ್ದವಲ್ಲ. ಬೇರೆ ಬೇರೆ ಕಡೆ ಸಿಕ್ಕವನ್ನು ತಂದು ಜೋಡಿಸಿದ ಸಂಗ್ರಹ ಇದು. ಲ್ಯಾಬ್ರಡಾರಿನ 6 ಇಂಚಿನದೂ ಬೇರೆಡೆಯಿಂದ ತಂದಿಟ್ಟದ್ದು. ಜೊಹೊರ್ ಬ್ಯಾಟರಿಯ 15 ಇಂಚಿನದು ಪ್ರತಿಕೃತಿ, ಅಸಲಿಯ ಕಬ್ಬಿಣ ಒಂದು ಚೂರೂ ಇಲ್ಲ. ಕಟ್ಟೆ, ಸುರಂಗ, ಕಾಂಕ್ರೀಟು ಮಾತ್ರ ಆ ಕಾಲದ್ದೇ. ಸಿಲೊಸೊವನ್ನು 2022ರಲ್ಲಿ ಸಿಂಗಪುರ ಸರ್ಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.

ಮೇಣದ ಬೊಂಬೆಗಳ ಶರಣಾಗತಿ ಕೊಠಡಿ ನೋಡಲೇಬೇಕೇ?

ಹೌದು. ಎರಡು ದೃಶ್ಯ ಇವೆ: 1942ರ ಫೆಬ್ರುವರಿ 15ರಂದು ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷರು ಜಪಾನಿ ಸೇನಾಧಿಪತಿ ಯಮಾಶಿತನಿಗೆ ಶರಣಾದದ್ದು, 1945ರ ಸೆಪ್ಟೆಂಬರ್ 12ರಂದು ಮುನಿಸಿಪಲ್ ಕಟ್ಟಡದಲ್ಲಿ ಜಪಾನಿಯರು ಶರಣಾದದ್ದು. ಎರಡೂ ಈ ಕೋಟೆಯಲ್ಲಿ ನಡೆದದ್ದಲ್ಲ. ನಿಜವಾಗಿ ಸಹಿ ಬಿದ್ದ ಫೋರ್ಡ್ ಕಾರ್ಖಾನೆ ಬುಕಿಟ್ ಟಿಮಾದಲ್ಲಿ ಈಗ ವಸ್ತುಸಂಗ್ರಹಾಲಯವಾಗಿದೆ.

ಇದರಲ್ಲಿ ಭಾರತೀಯರು, ಕನ್ನಡನಾಡಿನವರು ಇದ್ದರೇ?

ಸಿಂಗಪುರದ ಸೈನ್ಯದಲ್ಲಿ ಭಾರತೀಯರದ್ದು ದೊಡ್ಡ ಪಾಲು. ಫಿರಂಗಿಗಳ ವಿಷಯಕ್ಕೆ ಬಂದರೆ, ಹಾಂಗ್‌ಕಾಂಗ್ ಅಂಡ್ ಸಿಂಗಪುರ ರಾಯಲ್ ಆರ್ಟಿಲರಿ ಎಂಬ ದಳದಲ್ಲಿ ದುಡಿದವರು ಹೆಚ್ಚಾಗಿ ಪಂಜಾಬಿನ ಸಿಖ್ಖರು ಮತ್ತು ಮುಸ್ಲಿಮರು. ನಮ್ಮ ಕಡೆಯಿಂದ ಮೈಸೂರು ಸಂಸ್ಥಾನದ ಪದಾತಿ ದಳವೂ ಅಲ್ಲಿತ್ತು. ಸಂಸ್ಥಾನಗಳ ಇಂಥ ದಳಗಳಿಗೆ ವಹಿಸಿದ್ದದ್ದು ವಿಮಾನ ನೆಲೆಗಳ ಕಾವಲು. ಶರಣಾಗತಿಯ ಎರಡು ದಿನಗಳ ಬಳಿಕ, ಫೆಬ್ರುವರಿ 17ರಂದು, ಫಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಜಪಾನಿಯರಿಗೆ ಒಪ್ಪಿಸಲಾಯಿತು. ಆಜಾದ್ ಹಿಂದ್ ಫೌಜಿನ ಕಥೆ ಅಲ್ಲಿಂದ ಶುರುವಾಗುತ್ತದೆ. ಲಿಟಲ್ ಇಂಡಿಯಾದಲ್ಲಿ ಊಟ ಮುಗಿಸಿ ನಡೆದೇ ಹೋಗುವಷ್ಟು ಹತ್ತಿರ ಆ ಜಾಗ.

ಮನೆಯ ಹಿರಿಯರು ಯಾರಾದರೂ ಅಲ್ಲಿ ತೀರಿಕೊಂಡಿದ್ದರೆ ಕ್ರಾಂಜಿ ಯುದ್ಧ ಸ್ಮಾರಕಕ್ಕೆ ಹೋಗಿ. ಸಮಾಧಿ ಸಿಗದವರ 24,000ಕ್ಕೂ ಹೆಚ್ಚು ಹೆಸರುಗಳನ್ನು ಅಲ್ಲಿನ ಗೋಡೆಗಂಬಗಳಲ್ಲಿ ಕೆತ್ತಿದ್ದಾರೆ. ಹೊರಡುವ ಮೊದಲೇ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಿ ಕಂಬದ ಸಂಖ್ಯೆ ಬರೆದುಕೊಳ್ಳಿ. ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿ ನಮ್ಮ ಹೆಸರುಗಳು ವಿಚಿತ್ರವಾಗಿ ಬರೆದಿರುತ್ತವೆ, ಎರಡು ಮೂರು ಬಗೆಯಲ್ಲಿ ಹುಡುಕಬೇಕು.

ಜೊಹೊರ್ ಬ್ಯಾಟರಿಯಲ್ಲಿ ನೋಡಲು ಏನಿದೆ?

ಕಾಸ್ಫರ್ಡ್ ರಸ್ತೆಯಲ್ಲಿ ಬಯಲಿನ ನಡುವೆ ಪ್ರತಿಕೃತಿ ಫಿರಂಗಿ, ಗುಂಡಿನ ಮಾದರಿ, ಫಲಕಗಳು. ಅರ್ಧ ಗಂಟೆ ಸಾಕು. ಕೆಳಗಿನ ಮದ್ದಿನ ಸುರಂಗಗಳು 1991ರಲ್ಲಿ ಸೆರೆಮನೆ ಇಲಾಖೆಯವರ ಕಣ್ಣಿಗೆ ಬಿದ್ದವು, ಆದರೆ ಒಳಗೆ ಬಿಡುವುದಿಲ್ಲ. ನೆಲದ ಮೇಲಿನ ಗುರುತುಗಳಿಂದ ಅವುಗಳ ವಿನ್ಯಾಸ ತಿಳಿಯುತ್ತದೆ. ಜಲಸಂಧಿಯಾಚೆಯ ಜೊಹೊರ್ ರಾಜ್ಯದ ಸುಲ್ತಾನ ಇಬ್ರಾಹಿಂ 1935ರಲ್ಲಿ ಬ್ರಿಟನ್ ದೊರೆಯ ರಜತೋತ್ಸವಕ್ಕೆ ಕೊಟ್ಟ 5 ಲಕ್ಷ ಪೌಂಡುಗಳಲ್ಲಿ ಒಂದು ಪಾಲು ಈ ಫಿರಂಗಿಗಳಿಗೆ ಹೋದದ್ದರಿಂದ ಆ ಹೆಸರು. 15 ಇಂಚು ಎಂದರೆ ಏನೆಂದು ಮೈಗೆ ತಟ್ಟಬೇಕಾದರೆ ಗುಂಡಿನ ಪಕ್ಕ ನಿಂತು ನಿಮ್ಮ ಎತ್ತರದೊಂದಿಗೆ ಹೋಲಿಸಿ ನೋಡಿ.

ತಾನಾ ಮೆರಾ ಮೆಟ್ರೊದಿಂದ ಚಾಂಗಿ ಚಾಪೆಲ್ ವಸ್ತುಸಂಗ್ರಹಾಲಯಕ್ಕೆ 2ನೇ ನಂಬರಿನ ಬಸ್ಸಿದೆ. ಅದನ್ನು ನೋಡಿ ಅಲ್ಲಿಂದ ಬ್ಯಾಟರಿಗೆ ಟ್ಯಾಕ್ಸಿ ಹಿಡಿಯುವುದು ಸುಲಭ. ಸುತ್ತಮುತ್ತ ನೆರಳು, ಅಂಗಡಿ ಇಲ್ಲ. ಪಕ್ಕದ ಸೆರೆಮನೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ಲ್ಯಾಬ್ರಡಾರ್?

ವೃತ್ತ ಮಾರ್ಗದ ಲ್ಯಾಬ್ರಡಾರ್ ಪಾರ್ಕ್ ನಿಲ್ದಾಣ, ಹಾರ್ಬರ್‌ಫ್ರಂಟ್‌ನಿಂದ ಎರಡನೆಯದು. ಹಳೆಯ ಕೋಟೆಯ ಬಾಗಿಲು, 6 ಇಂಚಿನ ಫಿರಂಗಿ, ಕಡಲಂಚಿನ ಮೆಷಿನ್‌ಗನ್ ಗೂಡು. ಸಂಜೆಗೆ ತಂಪು, ಎದುರಿಗೆ ಸಿಲೊಸೊ ಕಾಣುತ್ತದೆ. ಅಲ್ಲಿನ ಸುರಂಗಕ್ಕೆ ಪ್ರವೇಶ ಇರುತ್ತದೆಂದು ಎಣಿಸಿ ಹೋಗಬೇಡಿ.

ಫೋಟೊ, ವಿಡಿಯೊ, ಡ್ರೋನ್?

ಮೊದಲೆರಡಕ್ಕೆ ಅಡ್ಡಿಯಿಲ್ಲ. ಡ್ರೋನನ್ನು ಹೋಟೆಲಿನಲ್ಲೇ ಬಿಡಿ. ಸಿಂಗಪುರದಲ್ಲಿ ಅದರ ನಿಯಮ ಬಿಗಿ, ದಂಡ ದೊಡ್ಡದು.

ಕಾಡಿನ ಅಂಚಿನಲ್ಲಿ ತುಕ್ಕು ಹಿಡಿದ ಲೋಹದ ಚೂರು ಸಿಕ್ಕರೆ ನೆನಪಿಗೆ ತರಬಹುದೇ?

ಮುಟ್ಟಲೇಬೇಡಿ. ಒದೆಯಬೇಡಿ, ಎತ್ತಬೇಡಿ, ನೀರು ಹಾಕಬೇಡಿ. ಜಾಗ ಗುರುತಿಟ್ಟುಕೊಂಡು ದೂರ ಸರಿದು 999ಕ್ಕೆ ಫೋನ್ ಮಾಡಿ. 2023ರ ಸೆಪ್ಟೆಂಬರಿನಲ್ಲಿ ಅಪ್ಪರ್ ಬುಕಿಟ್ ಟಿಮಾದ ಕಟ್ಟಡ ಕಾಮಗಾರಿಯ ಜಾಗದಲ್ಲಿ ಆ ಯುದ್ಧದ್ದೇ 100 ಕೆ.ಜಿ. ಬಾಂಬು ಸಿಕ್ಕಿ, ಸುತ್ತಲಿನ ಸಾವಿರಾರು ಜನರನ್ನು ಮನೆ ಬಿಡಿಸಿ ಸ್ಫೋಟಿಸಬೇಕಾಯಿತು.

ಒಂದೇ ಗಂಟೆ ಇದೆ. ಯಾವ ಕ್ರಮದಲ್ಲಿ ನೋಡಲಿ?

ಲಿಫ್ಟು ಹತ್ತಿ ಸೇತುವೆ ದಾಟಿ. ಉತ್ತರದ ಅಂಚಿಗೆ ಹೋಗಿ ಬಂದರಿನ ಬಾಯನ್ನೂ ಎದುರಿನ ಲ್ಯಾಬ್ರಡಾರನ್ನೂ ನೋಡಿ, ಐದು ನಿಮಿಷ. ಬಾಯಿಂದ ತುಂಬುವ ಒಂದು ಫಿರಂಗಿಯ ಬಳಿ ನೆಲದ ಹಳಿಯ ತುದಿಗಳನ್ನು ಹುಡುಕಿ, ಅಲ್ಲಿಂದ 6 ಇಂಚಿನದರ ಬಳಿ ಬಂದು ಹಳಿ ಯಾಕಿಲ್ಲ ಎಂದು ನೋಡಿ, ಇವೆರಡಕ್ಕೆ ಇಪ್ಪತ್ತು ನಿಮಿಷ. ಒಂದು ಸುರಂಗ, ಹದಿನೈದು ನಿಮಿಷ. ಉಳಿದದ್ದು ಶರಣಾಗತಿ ಕೊಠಡಿಗೆ. ಮರಳುವ ಬಸ್ಸಿನ ಸಾಲು ಸಂಜೆ ಐದರ ಮೇಲೆ ಉದ್ದವಾಗುತ್ತದೆ, ಅದಕ್ಕೆ ಹತ್ತು ಹದಿನೈದು ನಿಮಿಷ ಬೇರೆಯೇ ತೆಗೆದಿಡಿ.